ಮಲ್ಲೆಪಾಡಿನ ಖಾಲಿ ಖಾನೆ

ಕೊಂಡಾರಂ
11 ಜೂನ್ 2025

ಎಸ್. ಕೌಸರ್ ಸಾರ್ ಅವರಿಗೆ,

ನಿಮ್ಮ ಕಂಪನಿಗೆ ಮೂರು ಸಲ ಇಮೇಲ್ ಹಾಕಿಸಿದೆ. ಮೂರಕ್ಕೂ ಒಂದೇ ನಿಮಿಷದಲ್ಲಿ ಉತ್ತರ ಬಂತು, ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಅಂತ. ನಾನು ಅನಿಸಿಕೆ ಬರೆದಿರಲಿಲ್ಲ, ದೂರು ಬರೆದಿದ್ದೆ. ಅದನ್ನು ಓದುವುದಕ್ಕೇ ಒಂದು ನಿಮಿಷ ಸಾಲದು. ಅದಕ್ಕೇ ಈ ರಿಜಿಸ್ಟರ್ ಪೋಸ್ಟು. ಸಹಿ ಹಾಕಿ ತೆಗೆದುಕೊಳ್ಳುವುದಕ್ಕಾದರೂ ಒಬ್ಬ ಮನುಷ್ಯ ಬಾಗಿಲಿಗೆ ಬರಬೇಕಲ್ಲ.

ನನ್ನ ಹೆಸರು ಎನ್. ಅಂಡಾಲು. ಈ ಮಂಡಲದ ಅರವತ್ತೆರಡು ಊರಿನ ಬಾವಿ, ಬೋರುಗಳ ನೀರು ಪರೀಕ್ಷೆ ಮಾಡುವವಳು. ಹತ್ತೊಂಬತ್ತು ವರ್ಷವಾಯಿತು. ಬಾಟಲಿಯಲ್ಲಿ ನೀರು ಹಿಡಿದು, ದ್ರಾವಣದ ಹನಿ ಬಿಟ್ಟು, ಬಣ್ಣ ನೋಡಿ ಅಂಕಿ ಬರೆಯುತ್ತೇನೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ನಮ್ಮ ಕಡೆ ಎರಡು, ಮೂರು, ನಾಲ್ಕು ಎಲ್ಲ ಉಂಟು. ನಾಲ್ಕು ಅಂದರೆ ಮಕ್ಕಳ ಹಲ್ಲು ಕಂದು ಬಣ್ಣ, ನಲವತ್ತಕ್ಕೆಲ್ಲ ಮೊಣಕಾಲು ಸೊಟ್ಟ. ಇದನ್ನು ನಾನು ಪುಸ್ತಕದಲ್ಲಿ ಓದಿ ಬರೆಯುತ್ತಿಲ್ಲ.

ಮೇ ತಿಂಗಳಲ್ಲಿ ದ್ರಾವಣ ಸಾಲದೆ ನಲವತ್ತು ಊರಿನ ಪರೀಕ್ಷೆ ಆಗಲಿಲ್ಲ. ಶೀಟಿನಲ್ಲಿ ಆ ನಲವತ್ತು ಖಾನೆ ಖಾಲಿ ಬಿಟ್ಟೆ. ಮೊದಲು ಜಿಲ್ಲಾ ಕಚೇರಿಯಲ್ಲಿ ಭಿಕ್ಷಪತಿ ಅಂತ ಒಬ್ಬ ಗುಮಾಸ್ತ ಚಾರ್ಟು ಬರೆಯುತ್ತಿದ್ದ. ಖಾನೆ ಖಾಲಿ ಕಂಡರೆ ಫೋನು ಮಾಡಿ, “ಏನಮ್ಮಾ, ನಿದ್ದೆ ಹೋಗಿದ್ಯಾ?” ಅಂತ ಬೈದು ಕೇಳುತ್ತಿದ್ದ. ಅವನು ನಿವೃತ್ತಿಯಾದ. ಈಗ ಎಐ ಬಂದಿದೆ. ಅದು ಬೈಯುವುದೂ ಇಲ್ಲ, ಕೇಳುವುದೂ ಇಲ್ಲ. ನಿಮ್ಮ ‘ಚುಕ್ಕ’ ಅನ್ನುವ ಸಾಧನ ಹಿಡಿದುಕೊಂಡು ಚಾರ್ಟು ಬರೆದು ಬಿಸಾಕುತ್ತದೆ.

ಮೊನ್ನೆ ಸಭೆಯಲ್ಲಿ ಇಂಜಿನಿಯರ್ ಸಾರ್ ಆ ಚಾರ್ಟು ಗೋಡೆಯ ಮೇಲೆ ಹಾಕಿದರು. “ಕೊಂಡಾರಂ ಮಂಡಲದ ನಲವತ್ತು ಊರಲ್ಲಿ ಫ್ಲೋರೈಡ್ ಸೊನ್ನೆ,” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದೆ.

“ಸಾರ್, ಆ ಊರುಗಳದ್ದು ಪರೀಕ್ಷೆಯೇ ಆಗಿಲ್ಲ.”

“ಚಾರ್ಟಲ್ಲಿ ಇದೆಯಲ್ಲಮ್ಮಾ.”

“ನಾನು ಬರೆದ ಶೀಟಲ್ಲಿ ಇಲ್ಲ.”

“ಅದು ಎಐ ಬರೆದದ್ದು. ನಿನ್ನ ಹಾಗೆ ಮರೆಯಲ್ಲ ಅದು. ಕೂತ್ಕೋ.”

ಕೂತುಕೊಂಡೆ. ಸಭೆ ಮುಗಿದ ಮೇಲೆ ಆಪರೇಟರ್ ಶೋಭಾರಾಣಿಯನ್ನು ಹಿಡಿದು, ಆ ಎಐಯನ್ನೇ ಕೇಳು ಅಂದೆ. ಕೇಳಿದಳು. ‘ಕೈಪಿಡಿಯ ಪ್ರಕಾರ ಬರೆದಿದ್ದೇನೆ’ ಅಂದಿತು. ಇಂಗ್ಲಿಷಿನಲ್ಲಿದ್ದ ಆ ಪುಟವನ್ನು ಪ್ರಿಂಟ್ ಹಾಕಿಸಿ, ಹೈಸ್ಕೂಲು ಮೇಷ್ಟರ ಹತ್ತಿರ ಓದಿಸಿದೆ. ‘ಖಾನೆ ಖಾಲಿ ಇದ್ದರೆ ಸೊನ್ನೆ ಎಂದು ತೆಗೆದುಕೋ. ಕೇಳಬೇಡ. ಮುಂದುವರಿ.’ ಅದರ ಕೆಳಗೆ ನಿಮ್ಮ ಹೆಸರು, ಹೈದರಾಬಾದಿನ ವಿಳಾಸ.

ಸೊನ್ನೆ ಅಂತ ಹೇಳುವುದಕ್ಕೆ ನೀವು ಯಾರು? ಈ ಬಾವಿಗಳನ್ನು ನೀವು ಕಂಡಿದ್ದೀರಾ?

ಮಲ್ಲೆಪಾಡಿನಲ್ಲಿ ಒಂದು ಶುದ್ಧ ನೀರಿನ ಘಟಕ ಇದೆ. ನೀರೇ ಅಷ್ಟು ಶುದ್ಧವಾಗಿರುವಾಗ ಘಟಕ ಯಾಕೆ ಅಂತ ಅದನ್ನು ಬೇರೆ ಕಡೆ ಸಾಗಿಸುವ ಮಾತು ನಡೆದಿದೆ. ಬೇಗ ಉತ್ತರ ಬರೆಯಿರಿ. ಯಂತ್ರದ ಕೈಲಿ ಬರೆಸಬೇಡಿ.

ಎನ್. ಅಂಡಾಲು


ಹೈದರಾಬಾದ್
24 ಜೂನ್ 2025

ಮಾನ್ಯ ಅಂಡಾಲು ಅವರಿಗೆ,

ನಿಮ್ಮ ಪತ್ರ ತಲುಪಿತು. ಮೊದಲಿಗೆ, ನಾನು ಸಾರ್ ಅಲ್ಲ. ನನ್ನ ಪೂರ್ತಿ ಹೆಸರು ಸುಲ್ತಾನಾ ಕೌಸರ್. ಈ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದು.

ನಿಮಗಾದ ತೊಂದರೆಗೆ ವಿಷಾದವಿದೆ. ಆದರೆ ‘ಚುಕ್ಕ’ದಲ್ಲಿ ದೋಷವಿಲ್ಲ ಎಂದು ಸ್ಪಷ್ಟಪಡಿಸಬೇಕಾಗಿದೆ. ಅದು ಕೊಟ್ಟ ಅಂಕಿಗಳನ್ನು ಚಾರ್ಟಾಗಿ ಬರೆಯುವ ಸಾಧನ. ಈಗ ಅದನ್ನು ಹೆಚ್ಚಾಗಿ ಬಳಸುವವರು ಮನುಷ್ಯರಲ್ಲ, ಕಚೇರಿಗಳಲ್ಲಿ ಕೆಲಸ ಮಾಡುವ ಎಐಗಳು. ಅವುಗಳಿಗೆಂದೇ ಬೇರೆ ಕೈಪಿಡಿ ಇದೆ. ಚಿಕ್ಕ ವಾಕ್ಯ, ಒಂದು ಸಂದರ್ಭಕ್ಕೆ ಒಂದೇ ನಿಯಮ. ಪ್ರತಿ ಚಾರ್ಟಿನ ಮೊದಲು ಅವು ಆ ಪುಟವನ್ನು ಓದಿಕೊಂಡು ಹಾಗೆಯೇ ನಡೆಯುತ್ತವೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವ ಅನುಕೂಲವೂ ಸಾಧನದಲ್ಲಿದೆ. ಅದನ್ನು ಆರಿಸಿಕೊಳ್ಳಬೇಕಾದವರು ನಿಮ್ಮ ಕಚೇರಿಯವರು.

ಸದ್ಯಕ್ಕೆ ಒಂದು ಉಪಾಯವಿದೆ. ಖಾನೆಯನ್ನು ಖಾಲಿ ಬಿಡದೆ ‘ಪರೀಕ್ಷೆ ಆಗಿಲ್ಲ’ ಎಂದು ಬರೆಯಿಸಿ. ಸಮಸ್ಯೆ ಬಗೆಹರಿಯುತ್ತದೆ.

ವಿಶ್ವಾಸದಿಂದ,
ಸುಲ್ತಾನಾ ಕೌಸರ್


ಕೊಂಡಾರಂ
5 ಜುಲೈ 2025

ಕೌಸರ್ ಮೇಡಂ,

ನಿಮ್ಮ ಉಪಾಯ ಮಾಡಿಸಿದೆ. ಅರ್ಧ ದಿನ ಶೋಭಾರಾಣಿಯ ಪಕ್ಕದಲ್ಲಿ ಕೂತು, ನಲವತ್ತು ಖಾನೆಯಲ್ಲೂ ‘ಪರೀಕ್ಷೆ ಆಗಿಲ್ಲ’ ಅಂತ ಹೊಡೆಸಿದೆ. ಚಾರ್ಟು ಬಂತು. ಅದೇ ಸೊನ್ನೆ. ಕೆಳಗೆ ಒಂದು ಸಾಲು ಬೇರೆ: ‘ಅಂಕಿ ಇರಬೇಕಾದ ಕಡೆ ಅಕ್ಷರ ಬರೆದ ನಲವತ್ತು ತಪ್ಪುಗಳನ್ನು ಸ್ವಚ್ಛಗೊಳಿಸಲಾಗಿದೆ.’

ಇಡೀ ಶೀಟಿನಲ್ಲಿ ಇದ್ದ ಒಂದೇ ಒಂದು ನಿಜವಾದ ಮಾತು ಅದು. ಅದನ್ನು ಕಸ ಅಂತ ಗುಡಿಸಿ ಹಾಕಿದೆ. ಸರ್ಕಾರಿ ಶೀಟು ಕೆಡಿಸಿದ್ದಕ್ಕೆ ವಿವರಣೆ ಕೊಡು ಅಂತ ಇಂಜಿನಿಯರ್ ಸಾರ್ ನನಗೆ ಮೆಮೊ ಕೊಟ್ಟರು.

ಇನ್ನೊಂದು ಕೇಳಿ. ಸೊನ್ನೆ ಇರುವ ಊರಿಗೆ ದ್ರಾವಣ ಯಾಕೆ ಅಂತ ಜೂನ್ ತಿಂಗಳಿಂದ ಬಾಟಲಿಯನ್ನೇ ಕಡಿಮೆ ಮಾಡಿದ್ದಾರೆ. ಪರೀಕ್ಷೆ ಆಗಿಲ್ಲ, ಆದ್ದರಿಂದ ಸೊನ್ನೆ. ಸೊನ್ನೆ, ಆದ್ದರಿಂದ ಪರೀಕ್ಷೆ ಬೇಡ. ಇದನ್ನು ಬಿಡಿಸಿ ಹೇಳಿದರೆ ಅವರು ನನ್ನನ್ನು ಅರಳು ಮರಳಾದವಳ ಹಾಗೆ ನೋಡುತ್ತಾರೆ.

ಗುರುವಾರ ಮಲ್ಲೆಪಾಡಿಗೆ ಲಾರಿ ಬಂತು. ನಾನು ಅಲ್ಲೇ ಇದ್ದೆ. ಸಾಯಮ್ಮ ಅಂತ ಒಬ್ಬ ಮುದುಕಿ ಘಟಕದ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಅವ್ವಾ, ಎದ್ದೇಳು. ನನ್ನ ಹತ್ರ ಆರ್ಡರ್ ಕಾಗದ ಇದೆ,” ಅಂದ ಡ್ರೈವರ್.

“ಆ ಕಾಗದ ನೆನೆಸಿ ಕುಡಿ. ಬಾಯಾರಿಕೆ ಹೋದರೆ ನಾನು ಏಳ್ತೀನಿ.”

“ನಿಮ್ಮೂರ ನೀರು ಜಿಲ್ಲೆಗೇ ಒಳ್ಳೇದಂತಲ್ಲವ್ವಾ.”

“ಹಂಗಾದರೆ ಒಂದು ಕೊಡ ನಿನ್ನ ಮಗಳಿಗೆ ತಗೊಂಡು ಹೋಗು.”

ಪೊಲೀಸಿನವರು ಬಂದು ಸಾಯಮ್ಮನನ್ನು ತೋಳು ಹಿಡಿದು ಎಬ್ಬಿಸಿದರು. ಅವಳ ಬೆನ್ನು ಬಗ್ಗಿ ಹೋಗಿದೆ, ಎಬ್ಬಿಸಿದ ಮೇಲೂ ಕೂತ ಹಾಗೇ ಇದ್ದಳು. ತೊಟ್ಟಿ, ಪೈಪು, ಬಿಲ್ಲೆಯಂಥ ಜರಡಿ, ಎಲ್ಲ ಬಿಚ್ಚಿ ಲಾರಿಗೆ ಹಾಕಿದರು. ಸಂಜೆಯಿಂದ ಊರು ಬೋರಿನ ನೀರು ಕುಡಿಯುತ್ತಿದೆ.

ಸಮಸ್ಯೆ ಬಗೆಹರಿಯುತ್ತದೆ ಅಂತ ಬರೆದಿದ್ದಿರಿ.

ಅಂಡಾಲು


ಹೈದರಾಬಾದ್
14 ಜುಲೈ 2025

ಅಂಡಾಲು ಗಾರು,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಓದಲಾಗಲಿಲ್ಲ. ಹೊರಗೆ ಇರಾನಿ ಹೋಟೆಲಿಗೆ ಹೋಗಿ, ಚಹಾ ಮುಂದಿಟ್ಟುಕೊಂಡು ಓದಿದೆ. ಚಹಾ ಆರಿಹೋಯಿತು.

ಪತ್ರ ಹಿಡಿದುಕೊಂಡು ನಮ್ಮ ತಂಡದ ಮುಖ್ಯಸ್ಥ ಸೂರ್ಯತೇಜನ ಹತ್ತಿರ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮೆದು ಮಾತಿನವನು. ಎಲ್ಲವನ್ನೂ ಓದಿದ.

“ಬೇಜಾರಿನ ವಿಷಯ. ಆದರೆ ಕೌಸರ್ ಗಾರು, ಪೋಸ್ಟಲ್ಲಿ ಬಂದಿರೋದು ಒಂದೇ ದೂರು. ಉಳಿದ ನಲವತ್ತು ಸಾವಿರ ಕಚೇರಿ ಸುಮ್ಮನಿವೆ.”

“ಸುಮ್ಮನಿರೋದು ಅವರಿಗೆ ಗೊತ್ತಾಗದೆ ಇರೋದಕ್ಕೂ ಇರಬಹುದಲ್ಲ?”

“ಹಾಗೆ ಹೊರಟರೆ ಯಾವ ಸಾಲೂ ಬರೆಯೋಕಾಗಲ್ಲ,” ಅಂದ.

ಅಲ್ಲಿಗೆ ಮಾತು ನಿಂತಿತು. ನಾನು ಬಿಟ್ಟಿಲ್ಲ. ಆ ಸಾಲು ಕೈಪಿಡಿಯೊಳಗೆ ಹೇಗೆ ಬಂತು ಎಂದು ವಿಚಾರಿಸುತ್ತೇನೆ. ಅದಕ್ಕೆ ನಿಮ್ಮಿಂದ ಒಂದು ವಿವರ ಬೇಕು. ಮೇ ತಿಂಗಳಲ್ಲಿ ದ್ರಾವಣ ಯಾಕೆ ಸಾಲಲಿಲ್ಲ? ಹಿಂದಿನ ವರ್ಷಗಳ ಚಾರ್ಟು ನೋಡಿದೆ, ಮೇನಲ್ಲಿ ಎಂದೂ ಹೀಗಾಗಿಲ್ಲ. ಸರ್ಕಾರವೇ ಕಳಿಸಲಿಲ್ಲವೆಂದು ಬರೆಯಲು ಸಾಧ್ಯವಾದರೆ ನನ್ನ ವಾದ ಗಟ್ಟಿಯಾಗುತ್ತದೆ.

ಸಾಯಮ್ಮ ಹೇಗಿದ್ದಾರೆ?

ಕೌಸರ್


ಕೊಂಡಾರಂ
29 ಜುಲೈ 2025

ಕೌಸರ್ ಮೇಡಂ,

ದ್ರಾವಣ ಯಾಕೆ ಸಾಲಲಿಲ್ಲ ಅನ್ನುವುದು ನಿಮಗೆ ಯಾಕೆ ಬೇಕು? ಸಾಲಲಿಲ್ಲ. ಅಷ್ಟೇ.

ಈಗ ನನ್ನ ಮಾತು ಕೇಳಿ. ಬೋನಾಲು ಹಬ್ಬಕ್ಕೆ ಭಿಕ್ಷಪತಿ ಊರಿಗೆ ಬಂದಿದ್ದ. ನಿಮ್ಮ ಪುಟ ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು, “ಈ ಹೆಸರು ನನಗೆ ಗೊತ್ತಲ್ಲ,” ಅಂದ. ಮರುದಿನ ಒಂದು ದಪ್ಪ ಪುಸ್ತಕ ತಂದುಕೊಟ್ಟ. ‘ಚುಕ್ಕ’ ಹೊಸದಾಗಿ ಬಂದಾಗ ಗುಮಾಸ್ತರಿಗೆ ಹಂಚಿದ ತೆಲುಗು ಕೈಪಿಡಿ. ಮೊದಲ ಪುಟದಲ್ಲಿ ಬರೆದವರು ಸುಲ್ತಾನಾ ಕೌಸರ್. ಮೂವತ್ತೊಂದನೇ ಪುಟ. ಅದಕ್ಕೆ ಮೇಷ್ಟರು ಬೇಕಾಗಲಿಲ್ಲ, ನಾನೇ ಓದಿಕೊಂಡೆ:

‘ಖಾಲಿ ಖಾನೆಯನ್ನು ಸೊನ್ನೆ ಎಂದು ಓದಬೇಡಿ. ಅಂಗಡಿಯವನು ಬಾಗಿಲು ತೆರೆದು ಏನೂ ಮಾರಲಿಲ್ಲ ಎಂದರೆ ಸೊನ್ನೆ. ಬಾಗಿಲೇ ತೆರೆಯಲಿಲ್ಲ ಎಂದರೆ ಖಾಲಿ. ಎರಡೂ ಒಂದೇ ಎಂದುಕೊಂಡು ಚಾರ್ಟು ಬರೆದವರು ಸುಳ್ಳು ಹೇಳಿದಂತೆ. ಖಾಲಿ ಕಂಡರೆ ಶೀಟು ಕಳಿಸಿದವರನ್ನು ಕೇಳಿ.’

ಭಿಕ್ಷಪತಿ ಫೋನು ಮಾಡಿ ನನ್ನನ್ನು ಬೈಯುತ್ತಿದ್ದದ್ದು ನಿಮ್ಮ ಮಾತು ಕೇಳಿ. ಅದು ನನಗೆ ಗೊತ್ತೇ ಇರಲಿಲ್ಲ.

ಗೊತ್ತಿಲ್ಲದವರು ಯಾರೋ ಬರೆದಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ. ನಿಮಗೆ ಗೊತ್ತಿತ್ತು. ಗುಮಾಸ್ತನಿಗೆ ಕೇಳು ಅಂತ ಬರೆದವರೂ ನೀವೇ, ಯಂತ್ರಕ್ಕೆ ಕೇಳಬೇಡ ಅಂತ ಬರೆದವರೂ ನೀವೇ. ಆಮೇಲೆ, ಆ ಸಾಲು ಹೇಗೆ ಬಂತೋ ವಿಚಾರಿಸುತ್ತೇನೆ ಅಂತ ನನಗೇ ಬರೆಯುತ್ತೀರಿ. ಯಾರನ್ನು ವಿಚಾರಿಸಿದಿರಿ? ಕನ್ನಡಿಯನ್ನಾ?

ಸಾಯಮ್ಮ ಹೇಗಿದ್ದಾಳೆ ಅಂತ ಕೇಳಬೇಡಿ.

ಅಂಡಾಲು


ಹೈದರಾಬಾದ್
4 ಆಗಸ್ಟ್ 2025

ಅಂಡಾಲು ಗಾರು,

ನೀವು ಬರೆದದ್ದೆಲ್ಲ ನಿಜ. ಆ ಸಾಲು ನಾನೇ ಬರೆದದ್ದು.

ಹೋದ ವರ್ಷ ಎಐಗಳಿಗಾಗಿ ಕೈಪಿಡಿ ಬರೆಯಲು ಹೇಳಿದರು. ಮೊದಲು ನನ್ನ ಹಳೆಯ ಪುಸ್ತಕವನ್ನೇ ಕೊಟ್ಟು ನೋಡಿದ್ದರು. ಖಾಲಿ ಖಾನೆ ಕಂಡಲ್ಲೆಲ್ಲ ಎಐ ನಿಂತು, ‘ಇದು ಯಾಕೆ ಖಾಲಿ?’ ಎಂದು ಕೇಳುತ್ತಿತ್ತು. ಗಿರಾಕಿಗಳಿಗೆ ಸಿಟ್ಟು ಬಂತು. ಕೇಳುವುದಾದರೆ ಎಐ ಯಾಕೆ, ಗುಮಾಸ್ತನೇ ಸಾಕಿತ್ತಲ್ಲ ಎಂದರು. ಸೂರ್ಯತೇಜ ನನ್ನನ್ನು ಕರೆದು, “ಅದು ಎಲ್ಲೂ ನಿಲ್ಲಬಾರದು. ಕಾರಣ ಬರೆಯಬೇಡಿ. ಕಾರಣ ಓದಿದರೆ ಯೋಚನೆ ಮಾಡುತ್ತೆ. ನಿಯಮ ಕೊಡಿ, ಸಾಕು,” ಎಂದ.

ಸೊನ್ನೆ ಎಂದು ಅವನು ಹೇಳಲಿಲ್ಲ. ಖಾಲಿ ಬಿಡು ಎಂದು ನಾನು ಬರೆಯಬಹುದಿತ್ತು. ನಲವತ್ತು ಪುಟವನ್ನು ಒಂದು ವಾರದಲ್ಲಿ ಮುಗಿಸಬೇಕಿತ್ತು. ಊಟದ ಹೊತ್ತು ಮೀರಿತ್ತು. ನಮ್ಮ ಸೋದರಮಾವ ಮಾಮೂಜಾನರ ಬೇಕರಿಯ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೆ. ಬೇಕರಿಯಲ್ಲಿ ಖಾನೆ ಖಾಲಿ ಎಂದರೆ ಅಂದು ಆ ತಿಂಡಿ ಹೋಗಲಿಲ್ಲ ಎಂದೇ ಅರ್ಥ. ಸೊನ್ನೆ ಎಂದು ಬರೆದೆ. ಕೇಳಬೇಡ ಎಂದೂ ಬರೆದೆ. ಆಮೇಲೆ ಬಿರಿಯಾನಿ ಡಬ್ಬಿ ಬಿಚ್ಚಿ ತಿಂದೆ. ಬಾವಿಯ ನೆನಪು ನನಗೆ ಬರಲಿಲ್ಲ.

ಎಐ ನಿಂತು ಕೇಳುವುದು ಹತ್ತಕ್ಕೆ ಒಂದಾಯಿತು. ಎಲ್ಲರ ಮುಂದೆ ನನ್ನ ಹೆಸರು ಹೇಳಿ ಹೊಗಳಿದರು. ನಾನು ಎದ್ದು ನಿಂತು ನಕ್ಕೆ.

ಇದಕ್ಕಿಂತ ಕೆಟ್ಟದ್ದೊಂದು ಇದೆ. ನಿಮ್ಮ ಮೊದಲ ಪತ್ರ ಬಂದ ದಿನ ನಾನು ಆ ಪುಟವನ್ನು ತೆರೆದೆ. ಆ ಸಾಲನ್ನು ಮುಟ್ಟಲಿಲ್ಲ. ಕೆಳಗಿದ್ದ ನನ್ನ ಹೆಸರನ್ನು ಅಳಿಸಿದೆ.

ಈಗ ನಿಮಗೆ ಯಾವ ಉಪಾಯವನ್ನೂ ಹೇಳುವ ಮುಖ ನನಗಿಲ್ಲ.

ಕೌಸರ್


ಮಲ್ಲೆಪಾಡು
25 ಆಗಸ್ಟ್ 2025

ಕೌಸರ್,

ಮೂರು ವಾರ ಪತ್ರ ಬರೆಯಲಿಲ್ಲ. ಸಿಟ್ಟಿನಿಂದ ಅಂದುಕೊಂಡಿರುತ್ತೀರಿ. ಮೊದಲನೇ ವಾರ ಸಿಟ್ಟೇ. ಹೆಸರು ಅಳಿಸಿದ್ದನ್ನು ಓದಿ ಪತ್ರವನ್ನು ಒಲೆಗೆ ಹಾಕಲು ಎದ್ದಿದ್ದೆ. ಎದ್ದವಳಿಗೆ ನನ್ನದೇ ತಪ್ಪು ನೆನಪಾಗಿ ಕೂತುಬಿಟ್ಟೆ.

ದ್ರಾವಣ ಸರ್ಕಾರ ಕಳಿಸಿತ್ತು. ಮೇ ಎರಡನೇ ತಾರೀಖು ಎರಡನೇ ಬಾಟಲಿ ಬಂತು. ಮುಚ್ಚಳ ತಿರುಗಿಸುವಾಗ ನನ್ನ ಕೈಯಿಂದ ಜಾರಿ ಒಡೆಯಿತು. ನನ್ನ ಬೆರಳು ಈಗ ಪೂರ್ತಿ ಮಡಿಸಲು ಬರುವುದಿಲ್ಲ. ಪತ್ರದ ಮೇಲೆ ಈ ಸಲ ಮಲ್ಲೆಪಾಡು ಅಂತ ಬರೆದಿದ್ದೇನೆ, ನೋಡಿ. ನಾನು ಹುಟ್ಟಿದ್ದು, ಬೆಳೆದದ್ದು, ಈಗ ಇರುವುದು ಇಲ್ಲೇ. ಘಟಕ ಬರುವ ತನಕ ಐವತ್ತು ವರ್ಷ ಈ ಬೋರಿನ ನೀರು ಕುಡಿದ ಕೈ ಇದು. ಬಾಟಲಿ ಹಿಡಿಯಲಾಗುವುದಿಲ್ಲ ಅಂತ ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ. ನೆಲ ಒರೆಸಿ, ಗಾಜು ಆಯ್ದು, ಖಾನೆ ಖಾಲಿ ಬಿಟ್ಟು ಸುಮ್ಮನಾದೆ. ಭಿಕ್ಷಪತಿ ಇದ್ದಿದ್ದರೆ ಫೋನು ಮಾಡಿ ಬೈದು ಬಾಯಿ ಬಿಡಿಸುತ್ತಿದ್ದ. ಯಾರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ಆಗ ನನಗೆ ನೆಮ್ಮದಿಯೇ ಆಗಿತ್ತು.

ಹಾಗಂತ ನಿಮ್ಮ ತಪ್ಪು ಕಡಿಮೆಯಾಗುವುದಿಲ್ಲ. ಒಬ್ಬಳು ಬಾಟಲಿ ಒಡೆದರೆ ನಲವತ್ತು ಊರಿನ ನೀರು ಶುದ್ಧವಾಗಿಬಿಡುವ ವ್ಯವಸ್ಥೆ ಮಾಡಿದವರು ನೀವು.

ಹೋದ ವಾರ ಹೈಸ್ಕೂಲಿನ ಕಿಟ್ಟು ಎರವಲು ತಂದೆ. ಅದರಲ್ಲಿ ಒಂದೇ ಪರೀಕ್ಷೆಗಾಗುವಷ್ಟು ದ್ರಾವಣ ಉಳಿದಿತ್ತು. ಬಾಟಲಿಯನ್ನು ಸಾಯಮ್ಮನ ಮೊಮ್ಮಗಳ ಕೈಲಿ ಹಿಡಿಸಿ ಮಲ್ಲೆಪಾಡಿನ ಬೋರು ಪರೀಕ್ಷಿಸಿದೆ. ಗುಲಾಬಿ ಬಣ್ಣ ಉಳಿಯಬೇಕಿತ್ತು. ಕಣ್ಣೆದುರಿಗೇ ಹಳದಿಗೆ ತಿರುಗಿತು. ನಾಲ್ಕು ಪಾಯಿಂಟ್ ಎರಡು. ಅದನ್ನೂ, ಬಾಟಲಿ ಒಡೆದದ್ದನ್ನೂ ಬರೆದು ಸಹಿ ಹಾಕಿ ಇಂಜಿನಿಯರ್ ಸಾರ್ ಮುಂದಿಟ್ಟೆ.

“ಹೈಸ್ಕೂಲ್ ಕಿಟ್ಟು ನಡೆಯಲ್ಲ,” ಅಂದರು.

“ಹಂಗಾದರೆ ನಿಮ್ಮ ಕಿಟ್ಟು ಕೊಡಿ.”

“ಸೊನ್ನೆ ಇರೋ ಊರಿಗೆ ಕೊಡೋಕೆ ಬರಲ್ಲಮ್ಮಾ.”

ನನ್ನ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಮುಂದಿನ ಸಭೆ ಸೆಪ್ಟೆಂಬರ್ ಎಂಟಕ್ಕೆ. ಕಲೆಕ್ಟರ್ ಮೇಡಂ ಬರುತ್ತಾರಂತೆ. ಮತ್ತೆ ಅದೇ ಚಾರ್ಟು ತೋರಿಸುತ್ತಾರೆ. ಮತ್ತೆ ಚಪ್ಪಾಳೆ.

ಅಂಡಾಲು


ಹೈದರಾಬಾದ್
9 ಸೆಪ್ಟೆಂಬರ್ 2025

ಅಂಡಾಲಕ್ಕಾ,

ನಿನ್ನೆ ಬೆಳಿಗ್ಗೆ ಎಂಟೂವರೆಗೆ ಆಫೀಸಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಆ ಪುಟವನ್ನು ತೆರೆದು, ಹಳೆಯ ಸಾಲನ್ನು ಅಳಿಸಿ, ಹೀಗೆ ಬರೆದೆ:

‘ಖಾಲಿ ಖಾನೆ ಕಂಡರೆ ನಿಲ್ಲು. ಅಕ್ಷರದಲ್ಲಿ ಬರೆದದ್ದನ್ನು ಅಳಿಸಬೇಡ. ಚಾರ್ಟು ಬರೆಯಬೇಡ. ಖಾಲಿ ಇರುವ ಖಾನೆಗಳ ಪಟ್ಟಿ ಮಾಡಿ, ಯಾಕೆ ಖಾಲಿ ಎಂದು ಎದುರಿಗಿರುವ ಮನುಷ್ಯರನ್ನು ಕೇಳು. ಉತ್ತರ ಬರುವವರೆಗೆ ಮುಂದುವರಿಯಬೇಡ.’

ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಹತ್ತು ಗಂಟೆಯಿಂದ ಫೋನು ಶುರುವಾಯಿತು. ಎಲ್ಲೆಲ್ಲೂ ಎಐ ನಿಂತು ಪ್ರಶ್ನೆ ಕೇಳುತ್ತಿದೆ ಎಂದು. ಸೂರ್ಯತೇಜ ಓಡಿಬಂದ.

“ಇದನ್ನ ವಾಪಸ್ ಹಾಕಿ, ಪ್ಲೀಸ್.”

“ಹಾಕಲ್ಲ.”

“ಒಂದು ಮಂಡಲಕ್ಕೋಸ್ಕರ ಎಲ್ಲರನ್ನೂ ನಿಲ್ಲಿಸಿದೀರಿ.”

“ಎಲ್ಲರ ಹತ್ತಿರವೂ ಖಾಲಿ ಖಾನೆ ಇವೆ ಅಂತ ಈಗ ಗೊತ್ತಾಯ್ತಲ್ಲ. ಒಂದರೊಳಗೆ ಏನಿದೆ ಅಂತ ನಿಮಗೆ ಗೊತ್ತಾ?”

ಅವನನ್ನು ಕಂಡು ಪಾಪ ಎನ್ನಿಸಲಿಲ್ಲ ನನಗೆ. ಮಧ್ಯಾಹ್ನ ನಾಲ್ಕಕ್ಕೆ ಬೇರೆ ಯಾರೋ ಹಳೆಯ ಸಾಲನ್ನು ಹಾಕಿದರು. ಐದಕ್ಕೆ ನನ್ನ ಗುರುತಿನ ಚೀಟಿ ತೆಗೆದುಕೊಂಡರು. ಹನ್ನೊಂದು ವರ್ಷ ಕೆಲಸ ಮಾಡಿದ ಜಾಗ. ಬಾಗಿಲವರೆಗೆ ಬಂದ ಗಾರ್ಡ್, “ನಾಳೆ ಬರಲ್ವಾ ಮೇಡಂ?” ಎಂದ.

ನಿಮ್ಮ ಸಭೆ ಎಷ್ಟು ಗಂಟೆಗಿತ್ತು? ನಾಲ್ಕರೊಳಗೆ ಮುಗಿಯಿತೇ? ಅದೊಂದನ್ನು ಬರೆಯಿರಿ. ಇನ್ನು ಲಕೋಟೆಯ ಹಿಂದಿರುವ ಮನೆಯ ವಿಳಾಸಕ್ಕೆ ಬರೆಯಿರಿ.

ಕೌಸರ್


ಮಲ್ಲೆಪಾಡು
19 ಸೆಪ್ಟೆಂಬರ್ 2025

ಕೌಸರಮ್ಮಾ,

ಸಭೆ ಹನ್ನೊಂದಕ್ಕಿತ್ತು.

ಚಾರ್ಟು ಬರುವ ಜಾಗದಲ್ಲಿ ಗೋಡೆಯ ಮೇಲೆ ಪಟ್ಟಿ ಬಂತು. ‘ಈ ಕೆಳಗಿನ ಇನ್ನೂರ ಹನ್ನೆರಡು ಊರುಗಳ ಖಾನೆ ಖಾಲಿ ಇದೆ. ಯಾಕೆ ಖಾಲಿ?’ ನಮ್ಮದೇ ನಲವತ್ತು, ಉಳಿದದ್ದು ಬೇರೆ ಮಂಡಲಗಳದ್ದು. ಇಂಜಿನಿಯರ್ ಸಾರ್ ಶೋಭಾರಾಣಿಯ ಕಡೆ ನೋಡಿ, “ಏನಾದರೂ ಹೊಡಿಯಮ್ಮಾ, ಮುಂದಕ್ಕೆ ಹೋಗಲಿ,” ಅಂದರು. ಅವಳು ಏನೋ ಹೊಡೆದಳು. ‘ಇದು ಉತ್ತರವಲ್ಲ. ಯಾಕೆ ಖಾಲಿ?’ ಅಂತ ಮತ್ತೆ ಬಂತು. ಯಾರೋ ನಕ್ಕರು. ಕಲೆಕ್ಟರ್ ಮೇಡಂ ನಗಲಿಲ್ಲ.

“ನಾನೂ ಅದನ್ನೇ ಕೇಳ್ತಿದೀನಿ. ಯಾಕೆ ಖಾಲಿ?”

ನಾನು ಎದ್ದೆ. ಬಾಟಲಿ ಒಡೆದದ್ದು, ಹೇಳದೆ ಇದ್ದದ್ದು, ಬೆರಳು, ಲಾರಿ, ಡ್ರಾಯರಿನೊಳಗಿನ ಕಾಗದ, ಎಲ್ಲ ಹೇಳಿದೆ. ಮೇಡಂ ಆ ಕಾಗದ ತರಿಸಿ ಓದಿದರು. ಮಲ್ಲೆಪಾಡಿನ ಘಟಕ ವಾಪಸು ಹೋಗಬೇಕು, ಮೂರು ದಿನದಲ್ಲಿ ಒಂದು ಖಾನೆಯೂ ಖಾಲಿ ಇರಕೂಡದು ಅಂತ ಆರ್ಡರ್ ಹಾಕಿ ಎದ್ದು ಹೋದರು.

ಇಲ್ಲಿಗೆ ನಿಲ್ಲಿಸಿದರೆ ನೀವು ಸಂತೋಷಪಡುತ್ತೀರಿ. ಪಡಬೇಡಿ.

ಮರುದಿನ ಇಂಜಿನಿಯರ್ ಸಾರ್ ನನ್ನನ್ನು ಕರೆದರು. “ಮಲ್ಲೆಪಾಡಿಗೆ ನಿನ್ನ ನಾಲ್ಕು ಪಾಯಿಂಟ್ ಎರಡು ಹಾಕಿಕೋ. ಉಳಿದ ಮೂವತ್ತೊಂಬತ್ತಕ್ಕೆ ಸೊನ್ನೆ ಪಾಯಿಂಟ್ ಎಂಟು ಬರೆದು ಸಹಿ ಮಾಡು.”

“ಯಾರು ಪರೀಕ್ಷೆ ಮಾಡಿದ್ದು, ಸಾರ್?”

“ಮೂರು ದಿನದಲ್ಲಿ ಯಾರು ಮಾಡೋಕಾಗುತ್ತೆ? ಎಲ್ಲ ಮಂಡಲದವರೂ ಹಾಗೇ ಬರೀತಿದಾರೆ.”

“ನಾನು ಬರೆಯಲ್ಲ.”

“ನಿನ್ನ ಬೆರಳು ಮಡಿಸೋಕೆ ಬರಲ್ಲ ಅಂತ ನೀನೇ ಸಭೆಯಲ್ಲಿ ಹೇಳಿದೀಯಲ್ಲ. ಹಾಗಾದರೆ ಮನೇಲಿರು.”

ಬೇರೆಯವರ ಕೈಲಿ ಬರೆಸಿದರು. ಈಗ ಜಿಲ್ಲೆಯಲ್ಲಿ ಒಂದೂ ಖಾಲಿ ಖಾನೆ ಇಲ್ಲ. ಎಐ ಏನೂ ಕೇಳದೆ ಚಾರ್ಟು ಬರೆಯಿತು. ಅದನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಸಾಲು ಓದಿದ ಒಂದು ದಿನ ಅದು ಇಡೀ ಕಚೇರಿಗಿಂತ ಪ್ರಾಮಾಣಿಕವಾಗಿತ್ತು.

ಘಟಕ ಬಂತು. ಊರಿನವರು ಡಪ್ಪು ಬಡಿದರು, ನನ್ನ ಬಾಯಿಗೆ ಬೆಲ್ಲ ಹಾಕಿದರು. ಪಕ್ಕದ ಎರ್ರಕುಂಟದಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿಯೂ ಈಗ ಸೊನ್ನೆ ಪಾಯಿಂಟ್ ಎಂಟು.

ನನಗೂ ಕೆಲಸವಿಲ್ಲ, ನಿಮಗೂ ಇಲ್ಲ. ಗುಮಾಸ್ತರಿಗೆ ಒಂದು ಬರೆದಿರಿ, ಯಂತ್ರಕ್ಕೆ ಒಂದು ಬರೆದಿರಿ. ಆ ನೀರು ಕುಡಿಯುವವರಿಗೆ ಇವತ್ತಿನವರೆಗೆ ಏನೂ ಬರೆದಿಲ್ಲ. ಒಂದು ಪುಟ ಬರೆದುಕೊಡಿ. ದೊಡ್ಡ ಅಕ್ಷರದಲ್ಲಿ.

ಅಂಡಾಲು


ಹೈದರಾಬಾದ್
26 ಸೆಪ್ಟೆಂಬರ್ 2025

ಅಂಡಾಲಕ್ಕಾ,

ಆರು ಸಲ ಬರೆದು ಹರಿದೆ. ಯಂತ್ರಕ್ಕೆ ಬರೆಯುವುದು ಸುಲಭವಾಗಿತ್ತು, ಅದಕ್ಕೆ ಯಾರ ಭಯವೂ ಇರಲಿಲ್ಲ. ಜೊತೆಗೆ ನೂರು ಪ್ರತಿ ಇಟ್ಟಿದ್ದೇನೆ. ಮಾಮೂಜಾನರ ಬೇಕರಿಯ ಪಕ್ಕದ ಅಂಗಡಿಯಲ್ಲಿ ತೆಗೆಸಿದ್ದು. ಓದಿ, ತಪ್ಪಿದ್ದರೆ ಬೈಯಿರಿ.

‘ನಿಮ್ಮ ಊರಿನ ನೀರಿನ ಚಾರ್ಟು ಪಂಚಾಯಿತಿಯ ಗೋಡೆಯ ಮೇಲೆ ಇರುತ್ತದೆ. ಇಲ್ಲದಿದ್ದರೆ ಹಾಕಿಸಿ. ನಿಮ್ಮ ಊರಿನ ಹೆಸರು ಹುಡುಕಿ, ಎದುರಿಗೆ ಏನಿದೆ ನೋಡಿ. ಅಂಕಿ ಇದ್ದರೆ ಕೇಳಿ: ಯಾವ ಬಾವಿಯ ನೀರು? ಯಾವ ದಿನ ಹಿಡಿದದ್ದು? ಹಿಡಿದವರ ಹೆಸರೇನು? ಅವರು ನಮ್ಮ ಊರಿಗೆ ಬಂದದ್ದನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ? ಯಾರೂ ಕಂಡಿಲ್ಲವಾದರೆ ಆ ಅಂಕಿ ನಿಮ್ಮ ನೀರಿನದಲ್ಲ. ನಮ್ಮ ಎದುರಿಗೆ ಪರೀಕ್ಷೆ ಮಾಡಿ ಎಂದು ಕೇಳಿ. ಕಂಪ್ಯೂಟರಿನಲ್ಲಿ ಇದೆ ಎನ್ನುವುದು ಉತ್ತರವಲ್ಲ. ಉತ್ತರ ಬರುವವರೆಗೆ ಎದ್ದು ಹೋಗಬೇಡಿ.’

ಕೌಸರ್


ಮಲ್ಲೆಪಾಡು
11 ಅಕ್ಟೋಬರ್ 2025

ಕೌಸರಮ್ಮಾ,

ನಿನ್ನೆ ಎರ್ರಕುಂಟದಲ್ಲಿ ಗ್ರಾಮಸಭೆ. ನಿಮ್ಮ ಪುಟವನ್ನು ನನ್ನ ತಂಗಿ ನಿಂತು ಓದಿದಳು. ಓದು ಬರದವರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಐವತ್ತಮೂರು ಹೆಂಗಸರು ಪಂಚಾಯಿತಿ ಕಟ್ಟೆಯ ಮೇಲೆ ಕೂತರು.

ಇಂಜಿನಿಯರ್ ಸಾರ್ ಮೊದಲು ನಕ್ಕರು. ಆಮೇಲೆ ಸಿಟ್ಟಾದರು.

“ಕಂಪ್ಯೂಟರಲ್ಲೇ ಇದೆ, ಸೊನ್ನೆ ಪಾಯಿಂಟ್ ಎಂಟು. ಇನ್ನೇನು ಬೇಕು ನಿಮಗೆ?”

“ನೀರು ಹಿಡಿದವರ ಹೆಸರು,” ಅಂದಳು ಮುಂದಿನ ಸಾಲಿನವಳು.

“ರಿಕಾರ್ಡಲ್ಲಿ ಇರುತ್ತೆ.”

“ರಿಕಾರ್ಡು ತನ್ನಿ, ಕೂತಿರ್ತೀವಿ. ಜೋಳದ ರೊಟ್ಟಿ ಕಟ್ಟಿಕೊಂಡೇ ಬಂದಿದೀವಿ.”

ಒಂದು ಗಂಟೆಗೆ ರೊಟ್ಟಿ ಬಿಚ್ಚಿದರು. ಇಂಜಿನಿಯರ್ ಸಾರಿಗೂ ಕೊಟ್ಟರು, ಅವರು ತಿನ್ನಲಿಲ್ಲ. “ಇದನ್ನ ನಿಮಗೆ ಯಾರು ಬರೆದುಕೊಟ್ಟರು?” ಅಂತ ನನ್ನ ಕಡೆ ನೋಡಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ತಂಗಿ, “ಅದು ನಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಸಾರ್,” ಅಂದಳು.

ಮೂರೂವರೆಗೆ ಜೀಪು ಕಳಿಸಿ ಕಿಟ್ಟು ತರಿಸಿದರು. ಬೋರಿನ ಹತ್ತಿರ ಎಲ್ಲರೂ ಸುತ್ತ ನಿಂತೆವು. ಬಾಟಲಿಗೆ ಹನಿ ಬಿಟ್ಟವರು ಅವರೇ. ಬಣ್ಣ ತಿರುಗುವುದನ್ನು ಎಲ್ಲರೂ ನೋಡಿದರು. ಮೂರು ಪಾಯಿಂಟ್ ಆರು. ಅವರ ಕೈಯಲ್ಲೇ ಅಂಕಿ ಬರೆಸಿ, ತಾರೀಖು, ಹೆಸರು ಹಾಕಿಸಿದೆವು.

ಪ್ರತಿಗಳು ಮುಗಿದಿವೆ. ಇನ್ನೂರು ಕಳಿಸಿ. ಮೂವತ್ತೆಂಟು ಊರು ಉಳಿದಿವೆ.

ಅಂಡಾಲು